ನೆಂಟರ ಪುಟದಲ್ಲಿ ಕಾಂತರಾಜರು

ಮಾಲೂರಿನ ಕಾಂತರಾಜರಿಗೆ ಜೀವನದಲ್ಲಿ ಇದ್ದದ್ದು ಒಂದೇ ಕೊರಗು. ಆ ಕೊರಗಿಗೆ ಆರಡಿ ಎತ್ತರ, ತಿರುವಿದ ಮೀಸೆ, ಹೆಗಲ ಮೇಲೊಂದು ಜರಿ ವಲ್ಲಿ ಇದ್ದವು. ಹೆಸರು ಚನ್ನರಾಯಪ್ಪ, ಹೆಂಡತಿಯ ಅಕ್ಕನ ಗಂಡ, ಅಂದರೆ ಷಡ್ಡಕ, ಲಕ್ಕೂರಿನಲ್ಲಿ ಟೊಮೆಟೊ ಬೆಳೆಯುವ ಆಸಾಮಿ. ಯಾವ ಮದುವೆಗೆ, ಯಾವ ಗೃಹಪ್ರವೇಶಕ್ಕೆ ಇಬ್ಬರೂ ಜೊತೆಗೆ ಹೋದರೂ ಜನ ಮೊದಲ ಕುರ್ಚಿಯನ್ನು ಮೀಸೆಗೆ ಕೊಟ್ಟು, ಆಮೇಲೆ ಕಾಂತರಾಜರ ಕಡೆ ತಿರುಗಿ "ನೀವೂ ಕೂತ್ಕೊಳಿ" ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಆ ಮಾತು ಅವರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಈಗ ಮಗಳು ಚೈತನ್ಯಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಶ್ರೀನಿವಾಸಪುರದಿಂದ ಒಂದು ಬಸ್ಸು ತುಂಬಾ ಬರುವವರಿದ್ದರು. ತಮ್ಮ ಮನೆಯಲ್ಲಿ, ತಮ್ಮ ಮಗಳ ಶುಭಕಾರ್ಯದಲ್ಲಾದರೂ ಯಜಮಾನ ಯಾರೆಂದು ಆ ಬಸ್ಸಿಗೆ ಗೊತ್ತಾಗಬೇಕು ಎಂದು ಕಾಂತರಾಜರು ಪಣ ತೊಟ್ಟರು. ಉಪಾಯ ಹೊಳೆದದ್ದು ಹಲ್ಲುಜ್ಜುವಾಗ. ಬಾಯಿ ತುಂಬಾ ನೊರೆ ಇಟ್ಟುಕೊಂಡೇ ಅಡುಗೆಮನೆಗೆ ಓಡಿದರು.

"ಲೇ, ನಮ್ಮ ಕಡೆ ನೆಂಟರದ್ದೆಲ್ಲ ಒಂದು ವೆಬ್ ಪುಟ ಮಾಡ್ತೀನಿ ಕಣೇ! ಹೆಸರು ದಪ್ಪಕ್ಷರದಲ್ಲಿ. ಅದರ ಕೆಳಗೆ, ಸ್ವಲ್ಪ ಒಳಕ್ಕೆ ಸರಿಸಿ, ಅವರು ಯಾರು ಏನು ಅಂತ ವಿವರ. ನಿಘಂಟು ಇದ್ದಂಗೆ! ಬಸ್ಸಲ್ಲೇ ಓದ್ಕೊಂಡು ಬರ್ತಾರೆ."

"ಮೊದ್ಲು ಬಾಯಿ ತೊಳ್ಕೊಂಡು ಬನ್ನಿ," ಎಂದರು ಹೆಂಡತಿ ಮುನಿಯಲ್ಲಮ್ಮ. "ನೆಂಟರಿಗೆ ನಿಘಂಟು ಯಾಕ್ರೀ? ಬಂದ್ಮೇಲೆ ನಾನೇ ಹೇಳ್ತೀನಿ ಯಾರು ಏನು ಅಂತ."

"ನೀನು ಹೇಳಕ್ಕೆ ಶುರು ಮಾಡಿದ್ರೆ ಉಂಗುರ ಹಾಕೋ ಮುಹೂರ್ತ ಮುಗಿದೇ ಹೋಗಿರತ್ತೆ."

ಸರ್ವೆ ಇಲಾಖೆಯಿಂದ ನಿವೃತ್ತರಾದ ಮೇಲೆ ಕಾಂತರಾಜರು ಅಳೆಯುವುದನ್ನು ಬಿಟ್ಟು ಲ್ಯಾಪ್‌ಟಾಪ್ ಹಿಡಿದಿದ್ದರು. ಅವರ ಟಿಪ್ಪಣಿಗಳೆಲ್ಲ ಬರೀ ಅಕ್ಷರ; ಬಣ್ಣವಿಲ್ಲ, ಗೆರೆಯಿಲ್ಲ, ಅಲಂಕಾರವಿಲ್ಲ. ಅಂಥ ಟಿಪ್ಪಣಿಯನ್ನು ಒಂದು ಗುಂಡಿ ಒತ್ತಿದರೆ ಅಂದವಾದ ವೆಬ್ ಪುಟ ಮಾಡಿಕೊಡುವ ತಂತ್ರಾಂಶವೊಂದು ಅವರಿಗೆ ಸಿಕ್ಕಿತ್ತು. ನಿಯಮ ಸುಲಭ. ಒಂದು ಸಾಲಿನಲ್ಲಿ ಹೆಸರು. ಮುಂದಿನ ಸಾಲಿನ ತಲೆಯಲ್ಲಿ ಮೇಲೊಂದು ಕೆಳಗೊಂದು ಚುಕ್ಕಿ ಇಟ್ಟು ವಿವರ. ಅಷ್ಟಾದರೆ ಹೆಸರು ದಪ್ಪಗಾಗಿ, ವಿವರ ತಾನಾಗಿಯೇ ಒಳಕ್ಕೆ ಸರಿದು ಕೂರುತ್ತದೆ.

ಮೊದಲ ಸಲ ಕೂರಲಿಲ್ಲ. ನಲವತ್ತೊಂದು ಜನ ನೆಂಟರೂ ಹೆಸರು, ವಿವರ, ಊರು ಎನ್ನದೆ ಒಂದೇ ಮುದ್ದೆಯಾಗಿ ಬಂದರು. ಅಜ್ಜಿ ಬೈರಮ್ಮ ಎಲ್ಲಿ ಮುಗಿದು ಸೋದರಮಾವ ಅಮರನಾಥ ಎಲ್ಲಿ ಶುರುವಾದ ಎಂದು ದೇವರಿಗೂ ತಿಳಿಯುವಂತಿರಲಿಲ್ಲ. ಎರಡು ದಿನ ಊಟ ತಿಂಡಿ ಮರೆತು ಒದ್ದಾಡಿದ ಮೇಲೆ, ಚುಕ್ಕಿಗಳ ಪಕ್ಕ ಒಂದಿಷ್ಟು ಜಾಗ ಬಿಡಬೇಕೆಂದು ಗೊತ್ತಾಯಿತು. ಬಿಟ್ಟರು. ಆಹಾ! ನೆಂಟರೆಲ್ಲ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತಂತೆ ಕೂತರು.

"ಬಾರೇ, ನೋಡೇ!" ಎಂದು ಕಾಂತರಾಜರು ಕುಣಿದಾಡಿದರು. "ನಿನ್ನ ತಮ್ಮ ಅಮರನಾಥ ನನ್ನ ತಂಗಿ ಗಂಡನೂ ಹೌದಲ್ಲಾ? ಅವನಿಗೆ ಎರಡು ವಿವರ! ಒಂದು ಹೆಸರಿನ ಕೆಳಗೆ ಎಷ್ಟು ಸಲ ಚುಕ್ಕಿ ಇಟ್ಟು ಬರೆದ್ರೂ ಎಲ್ಲಾ ಆ ಹೆಸರಿಗೇ ಸೇರ್ಕೊಳ್ಳತ್ತೆ. ಎಂಥಾ ಬುದ್ಧಿವಂತ ತಂತ್ರಾಂಶ!"

ಇನ್ನು ಉಳಿದದ್ದು ಎರಡೇ ಹೆಸರು: ಷಡ್ಡಕನದು, ತಮ್ಮದು. ಷಡ್ಡಕನಿಗೆ ಕಾಂತರಾಜರು "ಹುಡುಗಿಯ ದೊಡ್ಡಪ್ಪ. ಲಕ್ಕೂರು" ಎಂದು ಮೂರು ಪದ ದಯಪಾಲಿಸಿದರು. ತಮ್ಮ ವಿವರಕ್ಕೆ ಒಂದು ಇಡೀ ಬೆಳಗ್ಗೆ ಹಿಡಿಯಿತು. ಬರೆದು, ಹೊಡೆದು ಹಾಕಿ, ಮತ್ತೆ ಬರೆದು, ಕೊನೆಗೆ ಡೈರಿ ಹಿಡಿದು ಹಜಾರದಲ್ಲಿ ಓಡಾಡುತ್ತಾ ಗಟ್ಟಿಯಾಗಿ ಓದಲು ನಿಂತರು. ಕನ್ನಡ ಟೈಪಿಂಗಿನಲ್ಲಿ ಮನೆಗೆಲ್ಲ ಚುರುಕು ಬೆರಳು ಮುನಿಯಲ್ಲಮ್ಮನವರದು (ವಾಟ್ಸಾಪಿನ ಕೃಪೆ), ಆದ್ದರಿಂದ ಅವರೇ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು.

"ಹೆಸರು ಕಾಂತರಾಜ್. ಬರ್ಕೋ."

ಬೆರಳು ನಿಂತಿತು. "ಗಂಡನ ಹೆಸರು ನಾನು ಹೇಳೋದಿಲ್ಲ."

"ಹೇಳು ಅಂದ್ನಾ? ಬರಿ ಅಂದೆ."

"ಬರೆದ್ರೂ ಹೇಳಿದಂಗೇ. ನಮ್ಮಮ್ಮ ರೇಷನ್ ಕಾರ್ಡಿಗೂ ಬರೀಲಿಲ್ಲ. ಜಾಗ ಖಾಲಿ ಬಿಟ್ಟಿರ್ತೀನಿ, ಆಮೇಲೆ ನೀವೇ ತುಂಬ್ಕೊಳಿ."

"ಹೂಂ, ಹೂಂ, ಮುಂದೆ ಬರ್ಕೋ," ಎಂದರು ಕಾಂತರಾಜರು. ವಿವರದ ಅಮಲು ಆಗಲೇ ತಲೆಗೇರಿತ್ತು. "ಈ ಮನೆತನದ ಆಧಾರಸ್ತಂಭ. ಸರಳ ಸಜ್ಜನ, ಮಿತಭಾಷಿ, ಕೇಳಿದವರಿಗೆ ಇಲ್ಲ ಎನ್ನದವರು. ಇವರನ್ನು ಕೇಳದೆ ನಮ್ಮ ಕುಟುಂಬದಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡದು. ಇಂಥವರು ನಮಗೆ ದೊರೆತದ್ದು ನಮ್ಮ ಪುಣ್ಯ."

"ಹುಡುಗಿ ಅಪ್ಪ ಅಂತ ಹಾಕಲ್ವೇನ್ರೀ?"

"ಅದು ಲೋಕಕ್ಕೇ ಗೊತ್ತಲ್ಲೇ! ಗೊತ್ತಿಲ್ಲದ್ದನ್ನ ಬರೀಬೇಕು."

ಗುಂಡಿ ಒತ್ತಿದರು. ಪುಟ ಬಂತು. ಕಾಂತರಾಜರು ತಮ್ಮ ವಿವರವನ್ನು ನಾಲ್ಕು ಸಲ ಓದಿ ಕಣ್ಣು ತುಂಬಿಕೊಂಡರು. ಅದರ ತಲೆಯ ಮೇಲೆ ಯಾರ ಹೆಸರಿದೆ ಎಂದು ನೋಡಬೇಕೆಂದು ಅವರಿಗೆ ಹೊಳೆಯಲೇ ಇಲ್ಲ (ಇನ್ಯಾರದ್ದಿರುತ್ತದೆ?). ಪುಟದ ಕೊಂಡಿ ಗಂಡಿನ ಕಡೆಯ ವಾಟ್ಸಾಪ್ ಗುಂಪಿಗೆ ಹಾರಿತು.

ನಿಶ್ಚಿತಾರ್ಥದ ದಿನ ಹತ್ತು ಗಂಟೆಗೆ ಬಸ್ಸು ಬಂತು. ಗಂಡಿನ ತಂದೆ ತಾಯಿ ಹಿಂದೆ ಕಾರಿನಲ್ಲಿ ಬರುತ್ತಿದ್ದರು. ಬಸ್ಸಿನವರಲ್ಲಿ ಯಾರೂ ಈ ಮನೆಯವರ ಮುಖ ನೋಡಿದವರಲ್ಲ. ಮೊದಲು ಇಳಿದವರು ಹುಡುಗನ ಸೋದರತ್ತೆ ವೆಂಕಟರತ್ನಮ್ಮ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಹಣ್ಣಿನ ಬುಟ್ಟಿ. ಬಾಗಿಲಲ್ಲಿ ರೇಷ್ಮೆ ಪಂಚೆ ಉಟ್ಟು, ಹೊಟ್ಟೆ ಒಳಗೆಳೆದುಕೊಂಡು ಕಾಂತರಾಜರು ನಿಂತಿದ್ದರು.

"ಬನ್ನಿ ಬನ್ನಿ! ನಾನು ಕಾಂತರಾಜ್!"

ವೆಂಕಟರತ್ನಮ್ಮ ಫೋನಿನಲ್ಲಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದರು. "ಕಾಂತರಾಜ್... ಕಾಂತರಾಜ್... ನೀವು ಇದರಲ್ಲಿ ಇಲ್ಲವಲ್ಲಾ? ಹೋಗ್ಲಿ, ಈ ಬುಟ್ಟಿ ಹಿಡ್ಕೊಳಪ್ಪ. ಹಣ್ಣು ಜಜ್ಜಿಹೋಗತ್ತೆ, ಮೆಲ್ಲಗೆ!"

ಅಷ್ಟರಲ್ಲಿ ಒಳಗಿಂದ ಮೀಸೆ ಬಂತು. "ನಮಸ್ಕಾರ, ನಾನು ಚನ್ನರಾಯಪ್ಪ."

"ಅಮ್ಮಮ್ಮಾ! ಅನ್ನಯ್ಯಾ, ನೀವೇನಾ!" ವೆಂಕಟರತ್ನಮ್ಮ ತಮ್ಮ ಊರಿನ ತೆಲುಗು ಬೆರೆಸಿ ಕೂಗಿದ ಕೂಗಿಗೆ ಬಸ್ಸಿಗೆ ಬಸ್ಸೇ ಓಡಿ ಬಂತು. "ಇವರೇ ನೋಡ್ರೀ ಆಧಾರಸ್ತಂಭ! ಹುಲ್ಲುಕಡ್ಡಿ ಅಲ್ಲಾಡಲ್ಲ ಅಂತ ಓದಿಲ್ವಾ, ಅವರೇ!" ಚನ್ನರಾಯಪ್ಪನನ್ನು ಕರೆದೊಯ್ದು ನಡುಮನೆಯ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಹುಡುಗಿಯ ತಂದೆಗೆಂದು ತಂದಿದ್ದ ಶಾಲು ಅವರ ಹೆಗಲಿಗೇರಿತು.

ಕಾಂತರಾಜರು ಬುಟ್ಟಿ ಹೊತ್ತುಕೊಂಡೇ ಅಡುಗೆಮನೆಗೆ ನುಗ್ಗಿ ಹೆಂಡತಿಯ ಫೋನು ಕಸಿದು ನೋಡಿದರು. ಚನ್ನರಾಯಪ್ಪ. ಕೆಳಗೆ ಒಂದು ವಿವರ: ಹುಡುಗಿಯ ದೊಡ್ಡಪ್ಪ. ಅದರ ಕೆಳಗೆ, ಚೆಂದಕ್ಕೆ ಒಳಸರಿದು ಕೂತ ಎರಡನೇ ವಿವರ: ಮನೆತನದ ಆಧಾರಸ್ತಂಭ. ಮೇಲೆ ಹೆಸರೇ ಇಲ್ಲದ ವಿವರವನ್ನು ಬುದ್ಧಿವಂತ ತಂತ್ರಾಂಶ ಹಿಂದಿನ ಹೆಸರಿಗೆ ಸೇರಿಸಿಬಿಟ್ಟಿತ್ತು.

"ಖಾಲಿ ಬಿಟ್ಟಿದೀನಿ ಅಂತ ಹೇಳ್ದೆ, ಹೂಂ ಅಂದ್ರಿ," ಎಂದರು ಮುನಿಯಲ್ಲಮ್ಮ, ಒಗ್ಗರಣೆಯಿಂದ ಕಣ್ಣೆತ್ತದೆ.

ಕಾಂತರಾಜರು ನಡುಮನೆಗೆ ಹಾರಿದರು. ಆಗಿದ್ದಾಗಲಿ, ಆ ವಿವರ ತನ್ನದು ಎಂದು ಎಲ್ಲರೆದುರು ಹೇಳಿಯೇ ಬಿಡುತ್ತೇನೆ ಎಂದು ಬಾಯಿ ತೆರೆದರು. ಆದರೆ ಅಷ್ಟರಲ್ಲಿ ಪುಟವನ್ನು ಓದಿದ್ದ ಚನ್ನರಾಯಪ್ಪ ಎದ್ದು ಬಂದು ಅವರನ್ನು ಅಪ್ಪಿಕೊಂಡರು. ಆರಡಿ ಆಳು, ಮೀಸೆ ನೆನೆಯುವ ಹಾಗೆ ಅಳುತ್ತಿದ್ದರು.

"ಕಾಂತರಾಜ, ನಿನಗೆ ನನ್ನ ಕಂಡ್ರೆ ಆಗಲ್ಲ ಅಂತ ಇಷ್ಟು ವರ್ಷ ತಪ್ಪು ತಿಳ್ಕೊಂಡಿದ್ನಲ್ಲೋ! ನನ್ನ ಬಗ್ಗೆ ಇಷ್ಟೆಲ್ಲ ಮನಸ್ಸಲ್ಲಿ ಇಟ್ಕೊಂಡಿದ್ಯಾ?"

ಅದು ನಿನ್ನ ಬಗ್ಗೆ ಅಲ್ಲ, ನನ್ನ ಬಗ್ಗೆ ನಾನೇ ಬರೆದುಕೊಂಡದ್ದು ಎಂದು ಇಷ್ಟು ಜನರ ಮುಂದೆ ಯಾವ ಗಂಡಸು ಹೇಳಿಯಾನು? ಜೊತೆಗೆ, ನಿಜ ಹೇಳಬೇಕೆಂದರೆ, ಆ ಒದ್ದೆ ಮೀಸೆ ಕೆನ್ನೆಗೆ ತಾಗಿದಾಗ ಅವರ ಎದೆಯ ಮುಳ್ಳು ಒಂದಿಷ್ಟು ಸಡಿಲವೂ ಆಯಿತು. "ಇದ್ದದ್ದನ್ನೇ ಬರೆದೆ ಭಾವ," ಎಂದರು.

ಆಗ ಕಾರು ಬಂತು. ಹುಡುಗನ ತಂದೆ ಒಳಗೆ ಬಂದವರೇ "ಏನ್ ಬೀಗರೇ!" ಎಂದು ನೇರ ಕಾಂತರಾಜರ ಕೈ ಹಿಡಿದರು. ವೆಂಕಟರತ್ನಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು. "ಹುಡುಗಿ ತಂದೆ ಕೈಗಾ ನಾನು ಬುಟ್ಟಿ ಕೊಟ್ಟಿದ್ದು! ನಲವತ್ತೆರಡು ಜನದ ಹೆಸರು ಬರ್ದು, ತಮ್ಮ ಹೆಸರೇ ಹಾಕ್ಕೊಂಡಿಲ್ಲ ಈ ಮಹಾನುಭಾವ! ಎಂತ ಮಂಚಿ ಮನುಷ್ಯ, ಎಷ್ಟು ಒಳ್ಳೇವರು!" ಎಲ್ಲರೂ ಹೌದು ಹೌದು ಎಂದರು. ಈ ಕಾಲದಲ್ಲೂ ಇಂಥ ನಿಗರ್ವಿ ಇದ್ದಾರೆಯೇ ಎಂದು ಯಾರೋ ಕಾಲಿಗೂ ಬಿದ್ದರು. ಕಾಂತರಾಜರು ಅಂದು ಗಾಳಿಯಲ್ಲೇ ನಡೆದಾಡಿದರು. ಕೊನೆಗೂ ತಮ್ಮನ್ನು ಒಂದು ಬಸ್ಸು ಜನ ಗುರುತಿಸಿದ್ದರು.

ಎರಡು ವಾರದ ಮೇಲೆ ಗಂಡಿನ ಕಡೆಯವರು ಅಚ್ಚು ಹಾಕಿಸಿದ ಲಗ್ನಪತ್ರಿಕೆ ಫೋನಿಗೆ ಬಂತು. ಕಾಂತರಾಜರು ಕನ್ನಡಕ ಒರೆಸಿಕೊಂಡು ಓದಿದರು. ಚಿ. ಸೌ. ಚೈತನ್ಯ, ಶ್ರೀಮತಿ ಮುನಿಯಲ್ಲಮ್ಮನವರ ಸುಪುತ್ರಿ. ಸುಖಾಗಮನ ಬಯಸುವವರು, ಕುಟುಂಬದ ಆಧಾರಸ್ತಂಭ ಶ್ರೀ ಚನ್ನರಾಯಪ್ಪನವರು. ಹಿಂದೆಯೇ ವೆಂಕಟರತ್ನಮ್ಮನವರ ಧ್ವನಿ ಸಂದೇಶ:

"ಅನ್ನಯ್ಯಾ, ಪ್ರೆಸ್ಸಿನವನು ನಿಮ್ಮ ಹೆಸರು ದಪ್ಪದಾಗಿ ಹಾಕ್ಬಿಟ್ಟಿದ್ದ. ನಿಮಗೆ ಇವೆಲ್ಲ ಹಿಡಿಸಲ್ಲ ಅಂತ ನಮಗೆ ಗೊತ್ತಲ್ಲಾ? ನಾನೇ ಜಗಳ ಆಡಿ ತೆಗೆಸಿದೆ. ಎರಡು ಸಾವಿರ ಪ್ರತಿ ಅಚ್ಚಾಗಿದೆ, ಇವತ್ತಿಂದ ಹಂಚ್ತಾ ಇದೀವಿ. ಸಂತೋಷ ತಾನೇ?"

ಕಾಂತರಾಜರು ಪತ್ರಿಕೆಯನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ಓದಿ, ಕೊನೆಗೆ "ಪರಮ ಸಂತೋಷ" ಎಂದು ಬೆರಳಚ್ಚಿಸಿ ಕಳಿಸಿದರು.