ಬಾದನಹಟ್ಟಿ ಹಳ್ಳದ ಸೇತುವೆಯನ್ನು ಉದ್ಘಾಟಿಸಿದ ಎಮ್ಮೆಯವರಿಗೆ

ಇವರಿಗೆ,
ಶ್ರೀಮತಿ ಎಮ್ಮೆಯವರು,
ಹುಸೇನ್ ಬೀ ಅವರ ಕೊಟ್ಟಿಗೆ, ಹಳ್ಳದ ಆಚೆ ದಂಡೆ,
ಬಾದನಹಟ್ಟಿ, ಕುರುಗೋಡು ತಾಲ್ಲೂಕು.

ಮಾನ್ಯರೇ,

ತಮ್ಮ ಕ್ಷೇಮ, ತಮ್ಮ ಕರುವಿನ ಕ್ಷೇಮ ಹಾಗೂ ತಮ್ಮ ಮೇವಿನ ಕ್ಷೇಮವನ್ನು ಮೊದಲಿಗೆ ವಿಚಾರಿಸಿಕೊಳ್ಳುತ್ತಾ, ಈ ಕ್ಷೇತ್ರದ ಜನ ಆರಿಸಿ ಕಳಿಸಿದ ಶಾಸಕನೂ, ವಿರೋಧ ಪಕ್ಷದ ಸಾಲಿನಲ್ಲಿ ಕೂತು ಗಂಟಲು ಹರಿದುಕೊಳ್ಳುತ್ತಿರುವವನೂ, ಬಳ್ಳಾರಿ ಕಂಟೋನ್ಮೆಂಟಿನ ನಿವಾಸಿಯೂ ಆದ ಕೊಟ್ಟೂರಪ್ಪನೆಂಬ ನಾನು ತಮ್ಮಲ್ಲಿ ಮಾಡಿಕೊಳ್ಳುವ ವಿನಮ್ರ ದೂರು ಏನೆಂದರೆ, ಕಳೆದ ಸೋಮವಾರ ಬೆಳಿಗ್ಗೆ ತಾವು ನಡೆದುಕೊಂಡ ರೀತಿ ಸರಿಯಿರಲಿಲ್ಲ. ಇದನ್ನು ಬಹಿರಂಗವಾಗಿ ಬರೆಯಲು ಕಾರಣವೂ ಇದೆ. ಲಕೋಟೆಯಲ್ಲಿಟ್ಟು ಕಳಿಸಿದ್ದರೆ ತಾವು ಓದುವ ಮೊದಲೇ ತಿಂದುಬಿಡುವ ಸಂಭವವಿತ್ತು.

ತಮಗೆ ಹಿನ್ನೆಲೆ ಗೊತ್ತಿರಲಾರದು. ಆ ಹಳ್ಳಕ್ಕೊಂದು ಸೇತುವೆ ಬೇಕೆಂದು ಸದನದಲ್ಲಿ ಕೂಗಿದವನು ನಾನು. ಗ್ಯಾರಂಟಿಗಳಿಗೆ ಕೊಟ್ಟು ಮಿಕ್ಕಿದ್ದರೆ ನೋಡೋಣ ಎಂದು ಸರ್ಕಾರ ನಕ್ಕಾಗ ಸದನದ ಬಾವಿಗಿಳಿದು ನೆಲದ ಮೇಲೆ ಕೂತವನೂ ನಾನೇ. ಕಡೆಗೆ ಅನುದಾನ ಬಂದು ಸೇತುವೆ ಎದ್ದು ನಿಂತಿತೋ ಇಲ್ಲವೋ, ನನ್ನೆದುರು ಚುನಾವಣೆಯಲ್ಲಿ ಸೋತು, ಸೋತದ್ದಕ್ಕೆ ಬಹುಮಾನವಾಗಿ ಒಂದು ನಿಗಮದ ಅಧ್ಯಕ್ಷಗಿರಿ ಪಡೆದಿರುವ ಆಡಳಿತ ಪಕ್ಷದ ಶ್ರೀ ಚನ್ನಬಸವರಾಜರು, ಸೇತುವೆ ನಮ್ಮ ಸರ್ಕಾರದ್ದು, ಉದ್ಘಾಟನೆ ನಾನೇ ಮಾಡತಕ್ಕದ್ದು ಎಂದು ಹಟ ಹಿಡಿದರು. ಶಿಷ್ಟಾಚಾರದ ಪ್ರಕಾರ ಅಧಿಕಾರ ಸ್ಥಳೀಯ ಶಾಸಕನದು. ನಾನು ಹಕ್ಕುಚ್ಯುತಿ ಮಂಡಿಸುತ್ತೇನೆಂದೆ, ಅವರು ಮಂಡಿಸಿಕೊಳ್ಳಿ ಎಂದರು. ಹೀಗಾಗಿ ಯುಗಾದಿಯ ಹೊತ್ತಿಗೇ ಮುಗಿದಿದ್ದ ಸೇತುವೆಯ ಎರಡೂ ಬಾಯಿಗೆ ಜಲ್ಲಿ ಸುರಿಸಿ, ತೀರ್ಮಾನವಾಗುವ ತನಕ ಯಾರೂ ದಾಟದಂತೆ ಮಾಡಲಾಯಿತು.

ಆ ಜಲ್ಲಿಯ ಗುಡ್ಡೆಯಿಂದ ಯಾರಿಗೆ ಏನಾಯಿತೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಡೈರಿ ಇರುವುದು ಊರೊಳಗೆ, ತಾವಿರುವುದು ಆಚೆ ದಂಡೆಯಲ್ಲಿ. ಹಳ್ಳಕ್ಕಿಳಿದರೆ ಎರೆಮಣ್ಣಿನ ಕೆಸರಿನಲ್ಲಿ ಮೊಣಕಾಲು ಹೂತುಹೋಗುತ್ತದೆ. ತಮ್ಮ ಒಡತಿ ಹುಸೇನ್ ಬೀ ತಲೆಯ ಮೇಲೆ ಹಾಲಿನ ಕ್ಯಾನಿಟ್ಟುಕೊಂಡು ಹೆದ್ದಾರಿಯ ಕಡೆಯಿಂದ ಸುತ್ತು ಹಾಕಿ ಬರುವಷ್ಟರಲ್ಲಿ ಒಂದೋ ಡೈರಿಯ ಬಾಗಿಲು ಹಾಕಿರುತ್ತದೆ, ಇಲ್ಲವೇ ಹಾಲು ಒಡೆದಿರುತ್ತದೆ. ನಮ್ಮ ಸೀಮೆಯ ಬಿಸಿಲಿಗೆ ಮಳೆಗಾಲ ಬಂದದ್ದೂ ತಿಳಿಯುವುದಿಲ್ಲ.

ಕಡೆಗೆ ತಹಶೀಲ್ದಾರರು ಒಂದು ರಾಜಿ ಸೂತ್ರ ಹುಡುಕಿದರು. ಸೇತುವೆಗೆ ಎರಡು ತುದಿಗಳಿರುವುದರಿಂದ, ಊರ ಕಡೆಯ ತುದಿಯನ್ನು ನಾನೂ ಆಚೆಯ ತುದಿಯನ್ನು ಚನ್ನಬಸವರಾಜರೂ ಏಕಕಾಲದಲ್ಲಿ ಉದ್ಘಾಟಿಸುವುದು ಎಂದಾಯಿತು. ನಾನು ಸಂಪ್ರದಾಯಸ್ಥ. ರಿಬ್ಬನ್ ಕತ್ತರಿಸುವುದು ಬ್ರಿಟಿಷರು ಬಿಟ್ಟುಹೋದ ಚಾಳಿ, ನಮ್ಮಲ್ಲಿ ಶುಭಕಾರ್ಯಕ್ಕೆ ಕಟ್ಟುವುದೇ ವಿನಾ ಕತ್ತರಿಸುವುದಿಲ್ಲ ಎಂದು ನಂಬಿದವನು. ಆದ್ದರಿಂದ ನನ್ನ ತುದಿಗೆ ಬಾಳೆಕಂಬ ನಿಲ್ಲಿಸಿ, ಅಡ್ಡಲಾಗಿ ಚೆಂಡುಹೂವು, ಮಾವಿನೆಲೆ, ಎಳೆಯ ಜೋಳದ ದಂಟು ಸೇರಿಸಿ ಹೆಣೆದ ದಪ್ಪ ತೋರಣ ಕಟ್ಟಿಸಿದೆ. ಮುಹೂರ್ತಕ್ಕೆ ಅದರ ಗಂಟು ಬಿಚ್ಚುವುದೆಂದು ನಿಶ್ಚಯಿಸಿದೆ. ಸುದ್ದಿ ತಿಳಿದ ಚನ್ನಬಸವರಾಜರು ತಮ್ಮ ರಿಬ್ಬನ್ನನ್ನು ರಾತ್ರೋರಾತ್ರಿ ಕೈಬಿಟ್ಟು, ನನ್ನದಕ್ಕಿಂತ ದಪ್ಪನೆಯ ತೋರಣ ಕಟ್ಟಿಸಿ, ಜೋಳದ ದಂಟಿನ ಜೊತೆಗೆ ಕಬ್ಬನ್ನೂ ಸೇರಿಸಿದರು. ನಾವಿಬ್ಬರೂ ಸೇರಿ ಸೇತುವೆಯ ಎರಡು ಕಡೆ ತಮಗೆ ಎಲೆ ಹಾಕಿದ್ದೇವೆಂಬುದು ಅಲ್ಲಿದ್ದ ಒಬ್ಬ ಅಧಿಕಾರಿಗೂ ಹೊಳೆಯಲಿಲ್ಲ.

ಸೋಮವಾರ ಏಳು ಗಂಟೆಗೆ ಮುಹೂರ್ತ. ಜಲ್ಲಿ ತೆಗೆದಿದ್ದರು. ಡೊಳ್ಳಿನವರು ಸಿದ್ಧರಿದ್ದರು. ತೋರಣ ದಾಟಿ ಬರುವ ಗಣ್ಯರ ಮೇಲೆ ಹೂಮಳೆ ಸುರಿಸಲು ಜೆಸಿಬಿಯೊಂದು ಬಕೆಟ್ಟಿನ ತುಂಬ ಹೂವಿಟ್ಟುಕೊಂಡು ಕತ್ತೆತ್ತಿ ನಿಂತಿತ್ತು. ಆದರೆ ಮೊದಲು ಯಾರು ಗಂಟು ಬಿಚ್ಚಬೇಕೆಂಬ ಮಾತು ಎದ್ದು, ಆ ದಂಡೆಯಿಂದ ಈ ದಂಡೆಗೆ ಫೋನಿನಲ್ಲಿ ಬೈದಾಡಿಕೊಳ್ಳುತ್ತಿರುವಾಗಲೇ ಏಳೂವರೆಯಾಗಿ ರಾಹುಕಾಲ ಹಿಡಿದುಬಿಟ್ಟಿತು. ಒಂಬತ್ತರವರೆಗೆ ನಾನು ಗಂಟು ಮುಟ್ಟುವವನಲ್ಲ. ವೇದಿಕೆ ಸಿಕ್ಕಲ್ಲೆಲ್ಲ ವೈಚಾರಿಕತೆ ಬೋಧಿಸುವ ಚನ್ನಬಸವರಾಜರೂ ಕಾರಿನ ಗಾಜು ಏರಿಸಿಕೊಂಡು ಒಳಗೇ ಕೂತರು. ಇದನ್ನು ಪತ್ರಿಕೆಯವರು ಬರೆಯಲಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಅವರ ಕಾರಿನ ಪಕ್ಕದಲ್ಲೇ ಹುಸೇನ್ ಬೀ ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ತಮ್ಮ ಹಗ್ಗ ಹಿಡಿದು, ಡೈರಿ ಮುಚ್ಚುವ ಮೊದಲು ದಾಟಲು ಬಿಡಿರೆಂದು ಪೊಲೀಸರನ್ನು ಬೇಡಿಕೊಳ್ಳುತ್ತಿದ್ದರಂತೆ. ಆಗ ತಾವು ಹಗ್ಗ ಜಗ್ಗಿದಿರಿ. ಕಬ್ಬಿನಿಂದ ಆರಂಭಿಸಿ ಚನ್ನಬಸವರಾಜರ ತೋರಣವನ್ನು ತಿಂದು ಕೆಡವಿದಿರಿ. ತೋರಣ ಬಿದ್ದ ಕೂಡಲೇ ಬಾರಿಸಬೇಕೆಂದು ಹೇಳಿಸಿಕೊಂಡಿದ್ದ ಡೊಳ್ಳಿನವರು ಬಾರಿಸಿದರು. ಪಟಾಕಿಯವನು ಸರಕ್ಕೆ ಬೆಂಕಿ ಇಟ್ಟ. ಜೆಸಿಬಿಯವನು ತನ್ನ ಕರ್ತವ್ಯವನ್ನು ಅಚ್ಚುಕಟ್ಟಾಗಿ ಮಾಡಿ ಅಷ್ಟೂ ಹೂವನ್ನು ತಮ್ಮ ಬೆನ್ನ ಮೇಲೆ ಸುರಿದ. ತಾವು ಪಟಾಕಿಗೂ ಬೆದರದೆ, ಬಿದ್ದ ಹೂವಿನಲ್ಲಿ ರುಚಿಯೆನಿಸಿದ್ದನ್ನು ಆರಿಸಿ ತಿಂದು, ಯಾವ ಮಂತ್ರಿಗೂ ಬಾರದ ಗಾಂಭೀರ್ಯದಿಂದ ಸೇತುವೆಯ ಉದ್ದಕ್ಕೂ ನಡೆದು ಬಂದು ನನ್ನ ತೋರಣಕ್ಕೂ ಬಾಯಿ ಹಾಕಿದಿರಿ. ತಮ್ಮ ಹಿಂದೆ ಹುಸೇನ್ ಬೀ, ಅವರ ಹಿಂದೆ ಶಾಲೆಯ ಆಟೋ, ಅದರ ಹಿಂದೆ ಟ್ರ್ಯಾಕ್ಟರುಗಳು ಬಂದವು. ಡೈರಿ ಇನ್ನೂ ತೆರೆದಿತ್ತಂತೆ.

ಎರಡೂ ಪಕ್ಷಕ್ಕೆ ಇಷ್ಟು ಸಮನಾಗಿ ಬಾಯಿ ಹಾಕಿದವರನ್ನು ನನ್ನ ರಾಜಕೀಯ ಜೀವನದಲ್ಲಿ ನಾನು ಕಂಡಿಲ್ಲ. ಆದರೂ ನನ್ನ ಕಾರ್ಯಕರ್ತ ಪರಶು ಓಡಿಬಂದು, "ಇದು ಅವ್ರ ಕಡೀದು ಎಮ್ಮಿರಿ ಸಾಹೇಬ್ರ, ಬೇಕಂತ ಬಿಟ್ಟಾರ" ಎಂದ. ಅವರ ಕಡೆಯವರೋ, ಕಾರಹುಣ್ಣಿಮೆಯಲ್ಲಿ ಪಕ್ಕದ ಮನೆಯ ಎತ್ತುಗಳಿಗೆ ಹಚ್ಚಿ ಮಿಕ್ಕ ಬಣ್ಣ ತಮ್ಮ ಕೊಂಬಿಗೆ ಬಿದ್ದದ್ದರ ಫೋಟೋ ಹಿಡಿದು, ಅವರ ಪಕ್ಷದ್ದೇ ಬಣ್ಣ ನೋಡಿರಿ, ಇದು ಶಾಸಕರದೇ ಸಂಚು ಎಂದು ಹಂಚಿದರು.

ನನ್ನ ಸಂಕಟ ಹೇಳಿಬಿಡುತ್ತೇನೆ. ತಾವು ಆಕಳಾಗಿ ಹುಟ್ಟಿದ್ದರೆ ನಾನು ಅಲ್ಲೇ ಕೈಮುಗಿದು, ಸಾಕ್ಷಾತ್ ಗೋಮಾತೆಯೇ ಸೇತುವೆಯನ್ನು ಪಾವನ ಮಾಡಿದಳೆಂದು ಹೇಳಿಕೆ ಕೊಟ್ಟು ಚನ್ನಬಸವರಾಜರ ಬಾಯಿ ಮುಚ್ಚಿಸುತ್ತಿದ್ದೆ. ಎಮ್ಮೆಯ ಬಗ್ಗೆ ನಮ್ಮ ಪಕ್ಷಕ್ಕೆ ಸ್ಪಷ್ಟ ನಿಲುವಿಲ್ಲ. ಹಾಲು ಕುಡಿಯುತ್ತೇವೆ, ಅಷ್ಟೇ. ಅದೂ ರಾಹುಕಾಲದಲ್ಲಿ, ಯಮಧರ್ಮರಾಯರ ಬಳಗದವರು ಮೊದಲು ಕಾಲಿಟ್ಟ ಸೇತುವೆಯನ್ನು ಶಾಸ್ತ್ರ ಬಲ್ಲವನು ಹೇಗೆ ಒಪ್ಪಬೇಕು? ಮತ್ತೆ ಉದ್ಘಾಟಿಸೋಣವೆಂದರೆ ಬುಧವಾರ ಅಮಾವಾಸ್ಯೆ, ಅಲ್ಲಿಂದಾಚೆ ಆಷಾಢ. ಶ್ರಾವಣದವರೆಗೆ ಸೇತುವೆಗೆ ಮತ್ತೆ ಜಲ್ಲಿ ಸುರಿಯುವುದೇ ಸರಿಯೆಂದು ನಾನು ಹೇಳಿಕೆ ಕೊಟ್ಟೆ. ಆಶ್ಚರ್ಯವೆಂದರೆ ಚನ್ನಬಸವರಾಜರೂ ಅದನ್ನೇ ಹೇಳಿದರು. ಇಬ್ಬರೂ ಸಹಿ ಹಾಕಿದರೆ ಅಂದೇ ಮುಚ್ಚಿಸುವುದಾಗಿ ತಿಳಿಸಿ ತಹಶೀಲ್ದಾರರು ಶುಕ್ರವಾರ ಕುರುಗೋಡಿನ ಪ್ರವಾಸಿ ಮಂದಿರದಲ್ಲಿ ಸಭೆ ಕರೆದರು.

ಗುರುವಾರ ಹುಸೇನ್ ಬೀ ಬಸ್ಸು ಹಿಡಿದು ಕಂಟೋನ್ಮೆಂಟಿನ ನನ್ನ ಮನೆಗೆ ಬಂದರು. ಕೂರಿರೆಂದರೆ ಕೂರಲಿಲ್ಲ. "ಆಷಾಢ ಅಂತ ಎಮ್ಮಿ ಹಾಲು ಕೊಡೋದು ಬಿಡಂಗಿಲ್ರಿ ಸಾಹೇಬ್ರ. ಸುತ್ತು ಹಾಕ್ಕೊಂಡು ಹೋಗೋದ್ರಾಗ ಒಡದು ಹೋಗತೈತಿ. ಒಡದ ಹಾಲು ದಿನಾ ತಂದು ನಿಮ್ಮ ಮನಿ ಮುಂದ ಸುರುವಿ ಹೋಗ್ಲೇನ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದರು. ಅಂದು ಸಂಜೆ ನನ್ನ ಚಹಾಕ್ಕೆ ಹಾಲು ಹಾಕಬೇಡಿರೆಂದು ಮನೆಯಲ್ಲಿ ಹೇಳಿದೆ.

ಮರುದಿನ ಸಿರುಗುಪ್ಪದ ಅಕ್ಕಿ ಗಿರಣಿ ಮಾಲೀಕರ ಸಭೆ ಮುಗಿಯುವುದು ತಡವಾಯಿತು. ಕುರುಗೋಡಿನ ಸಭೆಗೆ ಹೊತ್ತಾಯಿತೆಂದು ನನ್ನ ಚಾಲಕ ಯರ್ರಿಸ್ವಾಮಿ ನನ್ನನ್ನು ಕೇಳದೆಯೇ ಸೇತುವೆ ದಾಟುವ ಬಾದನಹಟ್ಟಿಯ ದಾರಿ ಹಿಡಿದ. ನಾನೂ ಬೇಡವೆನ್ನಲಿಲ್ಲ, ಕಿಟಕಿಯಾಚೆ ಗದ್ದೆ ನೋಡುತ್ತಿದ್ದೆ. ಸೇತುವೆಯ ನಡುವೆ ಇನ್ನೊಂದು ಕಾರು ನಿಂತಿತ್ತು. ಸಿರುಗುಪ್ಪದ ಹತ್ತಿರದ ಕೆಂಚನಗುಡ್ಡಕ್ಕೆ ಹೋಗಿ, ಅವರೂ ತಡವಾಗಿ, ತಹಶೀಲ್ದಾರರ ಅದೇ ಸಭೆಗೆ ಹೊರಟಿದ್ದ ಚನ್ನಬಸವರಾಜರದು. ಅವರ ಕಾರಿನ ಮುಂದೆ ದಾರಿಗಡ್ಡವಾಗಿ ತಾವು ಮೆಲುಕು ಹಾಕುತ್ತಾ ನಿಂತಿದ್ದಿರಿ. ಯರ್ರಿಸ್ವಾಮಿ ಹಾರನ್ ಹೊಡೆದ. ತಾವು ಕಿವಿ ಅಲ್ಲಾಡಿಸಿದಿರಿ.

ಇಬ್ಬರೂ ಕೆಳಗಿಳಿಯಲೇಬೇಕಾಯಿತು. ಸೇತುವೆ ಮುಚ್ಚಿಸುವ ಸಭೆಗೆ ಅದೇ ಸೇತುವೆಯ ಮೇಲೆ ಹೊರಟ ಇಬ್ಬರು ನಾಯಕರು ಒಬ್ಬರನ್ನೊಬ್ಬರು ಏನೆಂದು ಕೇಳಬೇಕು? ಕಡೆಗೆ ಅವರೇ, "ಸುತ್ತಿನ ದಾರಿ ಭಾಳ ದೂರ ಆಗತೈತ್ರಿ ಕೊಟ್ಟೂರಪ್ಪನವರ" ಎಂದರು. ಹೌದೆಂದೆ. ನನಗೆ ನಾಚಿಕೆಯಾಯಿತು, ಅವರಿಗೂ ಆಗಿರಬೇಕು. ಪ್ರವಾಸಿ ಮಂದಿರದಲ್ಲಿ ತಹಶೀಲ್ದಾರರು ಕಾಗದ ಮುಂದಿಟ್ಟಾಗ ನಾನು ನನ್ನ ಪೆನ್ನಿನಲ್ಲಿ ಶಾಯಿ ಇಲ್ಲವೆಂದೆ. ಚನ್ನಬಸವರಾಜರು ತಮ್ಮ ಕನ್ನಡಕ ಮರೆತು ಬಂದಿರುವುದಾಗಿ ಹೇಳಿದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಸೇತುವೆ ಈ ಹೊತ್ತಿಗೂ ತೆರೆದಿದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಶ್ರಾವಣದಲ್ಲಿ ಒಳ್ಳೆಯ ದಿನ ನೋಡಿ ಸೇತುವೆಗೆ ಪೂಜೆ ಮಾಡಿಸುತ್ತೇನೆ. ನಡೆದುಹೋದದ್ದನ್ನು ಮರ್ಯಾದೆಯಿಂದ ಒಪ್ಪಿಕೊಳ್ಳುವುದೂ ಸಂಪ್ರದಾಯವೇ ಆದ್ದರಿಂದ, ಅಂದು ತಾವು ಮೈ ತೊಳೆಸಿಕೊಂಡು ಬಂದು ಎಲ್ಲರಿಗಿಂತ ಮುಂದೆ ನಡೆಯಬೇಕು. ಮೊದಲ ಸ್ಥಾನ ತಮ್ಮದು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ತಮ್ಮ ಬಾಲದ ಹಿಂದಿನ ಎರಡನೆಯ ಸ್ಥಾನ ಶಿಷ್ಟಾಚಾರದ ಪ್ರಕಾರ ಸ್ಥಳೀಯ ಶಾಸಕನಿಗೆ ಸಲ್ಲತಕ್ಕದ್ದು. ಅಲ್ಲಿಗೆ ಚನ್ನಬಸವರಾಜರು ನುಗ್ಗಿದಲ್ಲಿ ತಾವು ದಯವಿಟ್ಟು ಒದೆಯಬೇಕಾಗಿ ಪ್ರಾರ್ಥನೆ.

ತಮ್ಮ ಹಿಂದೆಯೇ ನಡೆಯಲಿರುವ,
ತಮ್ಮ ವಿಶ್ವಾಸಿ,
ಕೊಟ್ಟೂರಪ್ಪ
ಶಾಸಕ, ಕಂಟೋನ್ಮೆಂಟ್, ಬಳ್ಳಾರಿ

ತಾ.ಕ.: ಹುಸೇನ್ ಬೀ ನಿನ್ನೆ ತಮ್ಮ ಹಾಲಿನ ಗಟ್ಟಿ ಮೊಸರು ಒಂದು ಕುಡಿಕೆಯಲ್ಲಿ ಕಳಿಸಿದ್ದರು. ಮನೆಯವರೆಲ್ಲ ಕುಡಿಕೆ ಬಳಿದು ತಿಂದೆವು, ಕೃತಜ್ಞತೆಗಳು. ಆದರೆ ಚನ್ನಬಸವರಾಜರ ಮನೆಗೆ ಹೋದ ಕುಡಿಕೆ ಇದಕ್ಕಿಂತ ದೊಡ್ಡದಿತ್ತೆಂದು ಪರಶು ವಿಚಾರಿಸಿಕೊಂಡು ಬಂದಿದ್ದಾನೆ. ಇದು ನಿಜವಾಗಿದ್ದಲ್ಲಿ ಮುಂದಿನ ಅಧಿವೇಶನದಲ್ಲಿ ಹಕ್ಕುಚ್ಯುತಿ ಮಂಡಿಸುವುದು ನನಗೆ ಅನಿವಾರ್ಯವಾಗುತ್ತದೆ.