ಬೀರುವಿನೊಳಗಿಂದ ಮಲಗುವ ಕೋಣೆಗೆ ಹೋಗುವವರ ಅರಿಕೆ

ಸವಳಂಗ ರಸ್ತೆಯ ‘ಅಚ್ಚುಕಟ್ಟು ಗೃಹ ವ್ಯವಸ್ಥಾ ಕೇಂದ್ರ’ದ ಮಾಲೀಕರೂ, ಮನೆಯಲ್ಲಿ ಇಲ್ಲದ ಜಾಗವನ್ನು ಹುಡುಕಿಕೊಡುವ ವಿದ್ಯೆಯಲ್ಲಿ ನಿಪುಣರೂ, ಸೊಂಟದಲ್ಲಿ ಸದಾ ಅಳತೆಯ ಟೇಪು ಧರಿಸಿರುವವರೂ ಆದ ಶ್ರೀ ರುದ್ರೇಶ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಕುಟುಂಬದವರೂ ತಮ್ಮ ಟೇಪೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ, ಒಳಗೆ ಸಿಕ್ಕಿಕೊಂಡವರು ಒಳಗೆ, ಹೊರಗುಳಿದವರು ಹೊರಗೆ ಕ್ಷೇಮವಾಗಿದ್ದೇವೆ. ಹಿಂದೆ ಖಾಸಗಿಯಾಗಿ ಬರೆದ ಪತ್ರಗಳನ್ನು ತಾವು ತಮ್ಮ ವೃತ್ತಿಗೆ ತಕ್ಕಂತೆ ಯಾರ ಕಣ್ಣಿಗೂ ಬೀಳದ ಹಾಗೆ ಮಡಚಿಟ್ಟಿರುವುದರಿಂದ, ಈ ಪತ್ರವನ್ನು ಬಹಿರಂಗವಾಗಿ ಬರೆಯುವ ಧಾರ್ಷ್ಟ್ಯವನ್ನು ಮನ್ನಿಸಬೇಕು.

ತಮಗೆ ಗಿರಾಕಿಗಳು ಅನೇಕರಿರುವುದರಿಂದ ನನ್ನನ್ನು ನೆನಪಿಸುವುದು ನನ್ನ ಕರ್ತವ್ಯ. ನಾನು ರೇಣುಕಾಪ್ರಸಾದ್, ದಿನವೂ ಬಸ್ಸಿನಲ್ಲಿ ಶಂಕರಘಟ್ಟಕ್ಕೆ ಹೋಗಿ ವಿಶ್ವವಿದ್ಯಾಲಯದ ಕಚೇರಿಯೊಂದರಲ್ಲಿ ಕಡತ ಜೋಡಿಸುವವನು. ಊರಿನ ಕಡತಗಳನ್ನೆಲ್ಲ ಜೋಡಿಸುವ ನನಗೆ ಮನೆಯಲ್ಲಿ ನನ್ನ ಅಂಗಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ನಮ್ಮ ಮಲಗುವ ಕೋಣೆಯಲ್ಲಿ ಒಂದು ಕುರ್ಚಿ ಇದೆಯೆಂಬುದನ್ನು ನಾವು ಮರೆತೇ ಹೋಗುವಷ್ಟು ಬಟ್ಟೆ ಅದರ ಮೇಲೆ ಬೆಳೆದಿತ್ತು. ಒಂದು ಭಾನುವಾರ ಆ ರಾಶಿ ಜಾರಿ, ನಿದ್ದೆ ಮಾಡುತ್ತಿದ್ದ ನನ್ನ ಮೇಲೆ ಬಿದ್ದಾಗ, ನನ್ನನ್ನು ಹುಡುಕಿ ತೆಗೆದ ಪತ್ನಿ ರಶ್ಮಿ ತಮಗೆ ಫೋನ್ ಮಾಡಿದಳು.

ತಾವು ಬಂದಿರಿ. ನಮ್ಮ ಬಟ್ಟೆಗಳನ್ನು ಹಾಸಿಗೆಯ ಮೇಲೆ ಸುರಿಸಿ, ಇಡುವುದು, ಕೊಡುವುದು, ಯೋಚಿಸುವುದು ಎಂದು ಮೂರು ಗುಡ್ಡೆ ಮಾಡಿಸಿದಿರಿ. ನನ್ನ ಪ್ಯಾಂಟುಗಳೆಲ್ಲ ಕೊಡುವ ಗುಡ್ಡೆಗೆ ಸೇರಿದವು. ಉಟ್ಟುಕೊಂಡಿದ್ದ ಲುಂಗಿಯೊಂದೇ ಯೋಚಿಸುವ ಹಂತದಲ್ಲಿ ಉಳಿಯಿತು. ಆಮೇಲೆ, ಭದ್ರಾವತಿಯಲ್ಲಿ ನನ್ನ ಮಾವ ಹಾಲಸ್ವಾಮಿಯವರು ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟು ಸಣ್ಣ ಮನೆಗೆ ಹೋಗುತ್ತಿದ್ದಾರೆ, ಅವರ ಕಬ್ಬಿಣದ ಬೀರು ಇಡಲು ಅಲ್ಲಿ ಜಾಗವಿಲ್ಲ ಎಂಬ ಸುದ್ದಿ ರಶ್ಮಿಯಿಂದ ಕೇಳಿದ್ದೇ ತಡ, ತಮ್ಮ ಮುಖ ಬೆಳಗಿತು. ಹೊಸದು ಮಾಡಿಸುವುದೇಕೆ, ಅದನ್ನೇ ಇಲ್ಲಿಗೆ ತರಿಸಿ, ಒಂದಂಗುಲವೂ ವ್ಯರ್ಥವಾಗದಂತೆ ಕೋಣೆಯನ್ನೆಲ್ಲ ಅದರೊಳಗೇ ಇಟ್ಟುಕೊಡುತ್ತೇನೆ ಎಂದಿರಿ. ಭದ್ರಾವತಿಗೆ ಹೋಗಿ ಬೀರು ಅಳೆದಿರಿ, ಇಲ್ಲಿ ಬಾಗಿಲು ಅಳೆದಿರಿ.

“ಆರಾಮಾಗಿ ಹೋಗುತ್ತೆ ಸಾರ್,” ಎಂದಿರಿ, “ಎರಡು ಬೆರಳು ಉಳಿಯುತ್ತೆ.”

ನನ್ನ ಮಗಳು ಅಮೂಲ್ಯ ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಬ್ಯಾಗುಗಳನ್ನು ನೋಡಿ ಯಾವುದು ಒಳಗೆ ಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ ಎಂದು ಹೇಳುವ ಕೆಲಸದಲ್ಲಿದ್ದಾಳೆ. ಬೀರು ಗಾಡಿಯಿಂದ ಇಳಿಯುತ್ತಿರುವಾಗಲೇ ಅವಳು, “ಅಪ್ಪಾ, ಇದು ಹೋಗಲ್ಲ” ಎಂದಳು. ನಾವು ಅವಳನ್ನು ಸುಮ್ಮನಿರಿಸಿದೆವು. ತಜ್ಞರು ಅಳೆದ ಮೇಲೆ ಮನೆಯ ಹುಡುಗಿ ಬಾಯಿ ಹಾಕುವುದು ಸಭ್ಯತೆಯಲ್ಲ.

ದಾರಿ ತೋರಿಸಲೆಂದು ನಾನು ಕೋಣೆಯೊಳಗೆ ನಿಂತೆ. ಹಮಾಲರು ಹೊರಗೆ ನಡುಮನೆಯ ಹಾಲ್‌ನಿಂದ ತಳ್ಳಿದರು. ಬೆನ್ನು ಒಳಗೆ, ಮುಖ ಹೊರಗೆ ಮಾಡಿಕೊಂಡು ಬಂದ ಬೀರು ಅರ್ಧ ದಾರಿಯವರೆಗೆ ಮದುಮಗನಂತೆ ಗಂಭೀರವಾಗಿ ನಡೆದು, ಬಾಗಿಲ ಚೌಕಟ್ಟಿನಲ್ಲಿ ಒಮ್ಮೆ ನರಳಿ ನಿಂತುಬಿಟ್ಟಿತು. ತಳ್ಳಿದರೆ ಮುಂದಿಲ್ಲ, ಎಳೆದರೆ ಹಿಂದಿಲ್ಲ. ಎರಡು ಬೆರಳು ಉಳಿಯುತ್ತದೆಂಬ ತಮ್ಮ ಮಾತು ಸುಳ್ಳಾಗಲಿಲ್ಲ, ಸ್ವಾಮಿ. ತಾವು ಬಾಗಿಲನ್ನು ಚೌಕಟ್ಟಿನ ಹೊರಗಿನಿಂದ ಅಳೆದಿದ್ದಿರಿ. ಆದ್ದರಿಂದ ಆ ಎರಡು ಬೆರಳು ಉಳಿದದ್ದು ಬಾಗಿಲಿನಲ್ಲಲ್ಲ, ಬೀರುವಿನಲ್ಲಿ.

ಹಮಾಲರು ಕಾಫಿ ಕುಡಿದು ಹೋದರು. ನಾನು ಒಳಗೇ ಉಳಿದೆ. ಕೋಣೆಗೆ ಅಂಟಿಕೊಂಡೇ ಬಚ್ಚಲು ಇದ್ದದ್ದು ಯಾವ ಜನ್ಮದ ಪುಣ್ಯವೋ. ರಶ್ಮಿ ಓಣಿಗೆ ಬಂದು ಕಿಟಕಿಯ ಸರಳುಗಳ ನಡುವೆ ಅಕ್ಕಿರೊಟ್ಟಿಯನ್ನು ಸುರುಳಿ ಸುತ್ತಿ ಕೊಟ್ಟಳು. ದಾರಿಯಲ್ಲಿ ಹೋಗುವವರು ಏನು ಕೇಸು ಎಂದು ಕೇಳಿದರು. ನಮಗೆ ಮನೆ ಬಾಡಿಗೆಗೆ ಕೊಟ್ಟ ಯಜಮಾನರಾದ ಲಕ್ಷ್ಮೀಕಾಂತರು ಅದೇ ಕಿಟಕಿಗೆ ಬಂದು, ನನಗೆ ಸಂಸ್ಕೃತದಲ್ಲಿ ಒಂದು ಸಮಾಧಾನವನ್ನೂ, ಕನ್ನಡದಲ್ಲಿ “ಗೋಡೆ ಮುಟ್ಟಿದ್ರೆ ಮನೆ ಖಾಲಿ ಮಾಡಿ” ಎಂಬ ಸೂಚನೆಯನ್ನೂ ಕೊಟ್ಟು ಹೋದರು.

ಮರುದಿನ ಭದ್ರಾವತಿಯಿಂದ ಮಾವನವರು ಉಳಿ, ಸುತ್ತಿಗೆ ಹಿಡಿದು ಬಂದರು. ಅವರೇ ಕಾರ್ಖಾನೆಯ ಗೆಳೆಯರೊಂದಿಗೆ ಮುಂದೆ ನಿಂತು ಮಾಡಿಸಿದ ಬೀರು ಅದು. ಹಾಲಿನಿಂದ ಅದರ ಕದ ತೆರೆದು, ಹಲಗೆಗಳನ್ನು ಕಳಚಿ, ಒಳಗೆ ಮಂಡಿಯೂರಿ ಹಿಂಬದಿಯ ತಗಡನ್ನು ಕತ್ತರಿಸತೊಡಗಿದರು. ಮಧ್ಯಾಹ್ನವಾದರೂ ತಗಡು ಬಗ್ಗಲಿಲ್ಲ. ಒಳಗೆ ಸಿಕ್ಕಿಕೊಂಡ ಅಳಿಯನ ಬಗ್ಗೆ ಅವರಿಗೆ ಮರುಕವಿತ್ತೋ ಇಲ್ಲವೋ, ತಗಡಿನ ಬಗ್ಗೆ ಹೆಮ್ಮೆ ಮಾತ್ರ ಉಕ್ಕುತ್ತಿತ್ತು. “ನೋಡು ಮಾರಾಯ, ಹೆಂಗಿದೆ ಮಾಲು! ಈಗಿನವು ಡಬ್ಬ ಕಣೋ, ಬರೀ ಡಬ್ಬ!” ಎಂದು ಪ್ರತಿ ಪೆಟ್ಟಿಗೂ ಕೂಗುತ್ತಿದ್ದರು. ಕೊನೆಗೆ ತಗಡು ಬಿದ್ದಾಗ, ನಾನು ಕೋಟಿನ ಹ್ಯಾಂಗರುಗಳ ನಡುವಿನಿಂದ ತೆವಳಿ ಹಾಲಿಗೆ ಜನಿಸಿದೆ.

ಆ ಸಂಜೆ ತಾವು ಬಂದು ನೋಡಿದ ರೀತಿಯನ್ನು ನಾನು ಬದುಕಿರುವವರೆಗೆ ಮರೆಯಲಾರೆ. ಮತ್ತೊಬ್ಬರಾಗಿದ್ದರೆ ಕ್ಷಮೆ ಕೇಳುತ್ತಿದ್ದರು. ತಾವು ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, “ಸಾರ್, ಇದು ಪ್ರಾಬ್ಲಮ್ ಅಲ್ಲ. ಇದು ವಾಕ್-ಇನ್ ವಾರ್ಡ್‌ರೋಬ್!” ಎಂದಿರಿ. ಎಡಕ್ಕೆ ಸೀರೆ, ಬಲಕ್ಕೆ ಅಂಗಿ, ತಲೆಗೆ ತಾಗುವಲ್ಲಿ ಟವೆಲ್ ತೂಗುಹಾಕಿ, ಫೋಟೋ ತೆಗೆದು, ಅದನ್ನು ತಮ್ಮ ಜಾಹೀರಾತಿನಲ್ಲೂ ಹಾಕಿಕೊಂಡಿರಿ. ಆ ಫೋಟೋದಲ್ಲಿ ಸೀರೆಗಳ ಹಿಂದೆ ಕಾಣುವ ಹವಾಯಿ ಚಪ್ಪಲಿಯ ಪಾದಗಳು ನನ್ನವು.

ಜಾಗ ಉಳಿಯಿತೆಂಬುದನ್ನು ನಾನು ಅಲ್ಲಗಳೆಯಲಾರೆ. ಮಲಗಲು ಹೋಗುವಾಗ ಅಂಗಿ ತಾನಾಗಿ ಕಳಚಿಕೊಳ್ಳುತ್ತಿತ್ತು, ಎದ್ದು ಬರುವಾಗ ಯಾರದೋ ಅಂಗಿ ತಾನಾಗಿ ಮೈಮೇಲೆ ಬರುತ್ತಿತ್ತು. ನಾನು ಹೆಂಡತಿಯ ರೇಷ್ಮೆ ಸೆರಗನ್ನು ಭುಜದ ಮೇಲೆ ಹೊದ್ದು ಶಂಕರಘಟ್ಟದ ಬಸ್ಸು ಹತ್ತಿದ ದಿನ, ಹುಡುಗರು ನನಗೆ ಯಾವುದೋ ಪ್ರಶಸ್ತಿ ಬಂದಿದೆಯೆಂದು ತಿಳಿದು ಎದ್ದು ಸೀಟು ಕೊಟ್ಟರು. ತೊಂದರೆಯಿದ್ದದ್ದು ಬೀಗದ ವಿಷಯದಲ್ಲಿ ಮಾತ್ರ. ಕದ ಜೋರಾಗಿ ಮುಚ್ಚಿದರೆ ಬೀಗ ತಾನೇ ಬೀಳುತ್ತಿತ್ತು, ಒಳಗಿನಿಂದ ತೆಗೆಯುವಂತಿರಲಿಲ್ಲ. ಬೀಗದಕೈಯೋ ಭದ್ರಾವತಿಯಲ್ಲಿ ನನ್ನ ಅತ್ತೆ ಸುಭದ್ರಮ್ಮನವರ ಸೊಂಟದಲ್ಲಿತ್ತು. “ಬೀರು ನಂದು, ಕೈ ನನ್ನ ಹತ್ರಾನೇ ಇರ್ಲಿ” ಎಂದು ಅವರು ಖಂಡಿತವಾಗಿ ಹೇಳಿದ್ದರು. ಹೀಗೆ ನಾವು ದಂಪತಿಗಳು ಮಲಗುವ ಕೋಣೆಯ ಬೀಗದಕೈಯನ್ನು ಬೇರೆ ಊರಿನ ಅತ್ತೆಯ ಬಳಿ ಇಟ್ಟುಕೊಂಡಿದ್ದೆವು. ಸಂಸಾರದಲ್ಲಿ ಇದಕ್ಕಿಂತ ಭದ್ರತೆ ಇನ್ನೇನು ಬೇಕು.

ಇನ್ನು ನನ್ನ ಮುಖ್ಯ ದೂರಿಗೆ ಬರುತ್ತೇನೆ. ಹೋದ ತಿಂಗಳು ಅಮೂಲ್ಯಳನ್ನು ನೋಡಲು ಭದ್ರಾವತಿಯಿಂದ ಗಂಡಿನವರು ಬಂದರು. ಹುಡುಗನ ಹೆಸರು ನಿರಂಜನ, ಔಷಧಿ ಅಂಗಡಿ ಇಟ್ಟಿದ್ದಾನೆ. ಅವನ ತಾಯಿ ಹಾಲಮ್ಮನವರು ಮಾತಿನಲ್ಲಿ ಗಟ್ಟಿ, ತಂದೆ ಮೌನದಲ್ಲಿ ಗಟ್ಟಿ. ಅಮೂಲ್ಯ ಕೋಣೆಯೊಳಗೆ ಸೀರೆ ಉಡುತ್ತಿದ್ದಳು. ಗಂಡಿನವರಿಗೆ ಬೀರು ಗೋಡೆಗೆ ಕೂಡಿಸಿದ್ದೆಂದು ಕಾಣಲಿ ಎಂಬ ಆಸೆಯಿಂದ ನಾನು ಕದವನ್ನು ಸ್ವಲ್ಪ ಒತ್ತಿ ಮುಚ್ಚಿದೆ. ಟಕ್ ಎಂದಿತು.

ರಶ್ಮಿ ನನ್ನನ್ನು ನೋಡಿದ ನೋಟವನ್ನು ಮಡಚಿಡಲು ತಮ್ಮಲ್ಲೂ ಜಾಗವಿರಲಾರದು. ಫೋನ್ ಮಾಡಿದರೆ ಅತ್ತೆಯವರು ಬಸ್ಸಿನಲ್ಲಿದ್ದರು, ಬರುತ್ತಿದ್ದರು. ಅಷ್ಟರಲ್ಲಿ ಹಾಲಮ್ಮನವರು, “ಹುಡುಗಿ ಕರೀರಲ್ಲ, ಎಲ್ಲಿ?” ಎಂದರು. ಉತ್ತರವಾಗಿ ಬೀರುವಿನೊಳಗಿಂದ, “ಇಲ್ಲಿದೀನಿ ಆಂಟಿ” ಎಂದು ಕೇಳಿಸಿತು.

ಹಾಲಮ್ಮನವರು ಬಾಯಿಗೆ ಒಯ್ದ ಕೇಸರಿಬಾತಿನ ಚಮಚವನ್ನು ತಟ್ಟೆಗೇ ಇಳಿಸಿದರು. “ಏನ್ರೀ ಇದು, ಹುಡುಗೀನ ಬೀರುವಲ್ಲಿ ಇಟ್ಟಿದಾರೆ!” ಎಂದು ಗಂಡನ ಕಿವಿಯಲ್ಲಿ, ಆದರೆ ನಮಗೆಲ್ಲ ಕೇಳುವಂತೆ, ಪಿಸುಗುಟ್ಟಿದರು. ಆ ಮಹಾನುಭಾವರು ಅಂದು ಆಡಿದ ಒಂದೇ ಮಾತು ಇದು: “ಬೆಲೆಬಾಳೋದನ್ನ ಅಲ್ಲೇ ಅಲ್ವೇನೆ ಇಡೋದು.”

ನಾನು ತಮ್ಮ ವಾಕ್-ಇನ್ ವಿವರಣೆಯನ್ನು ತಮ್ಮದೇ ಧಾಟಿಯಲ್ಲಿ ಒಪ್ಪಿಸಿದೆ. ಯಾರಿಗೂ ಅರ್ಥವಾಗಲಿಲ್ಲ. ಹುಡುಗನಿಗೆ ಮಾತ್ರ ಪಾಪವೆನಿಸಿರಬೇಕು. ಎದ್ದು ಬೀರುವಿನ ಮುಂದೆ ನಿಂತ. ಕದದ ಮೇಲೆ ಆಳೆತ್ತರದ ಕನ್ನಡಿ ಇರುವುದರಿಂದ ಅವನಿಗೆ ಕಾಣುತ್ತಿದ್ದದ್ದು ತನ್ನ ಮುಖವೇ.

“ಒಳಗೆ ಗಾಳಿ ಬರ್ತಿದೆಯಾ?” ಎಂದ.

“ಬರ್ತಿದೆ. ಕಿಟಕಿ ಇದೆ. ಇದು ರೂಮು ಕಣ್ರೀ.”

“ಇಲ್ಲಿಂದ ಬೀರು ಥರಾನೇ ಕಾಣುತ್ತೆ.”

ಒಳಗಿನಿಂದ ನಗು ಕೇಳಿಸಿತು. ಆಮೇಲೆ ಅಮೂಲ್ಯ, “ನಿರಂಜನ್ ಅವರೇ, ಹೆಂಗೂ ನನ್ನ ಮುಖ ನಿಮಗೆ ಕಾಣ್ತಿಲ್ಲ, ನಿಜ ಹೇಳಿಬಿಡ್ತೀನಿ. ನನಗೆ ಈಗ ಮದುವೆ ಬೇಡ. ಹೈದರಾಬಾದಲ್ಲಿ ಟ್ರೈನಿಂಗಿಗೆ ಸೆಲೆಕ್ಟ್ ಆಗಿದೀನಿ. ಹೇಳೋಣ ಅಂತ ಹೋದಾಗೆಲ್ಲ ಅಪ್ಪ ಪೇಪರ್ ಓದ್ತಾ ಇರ್ತಾರೆ. ಪೇಪರ್ ಕೆಳಗಿಟ್ಟು ಏನಮ್ಮ ಅಂದ ತಕ್ಷಣ ನನಗೆ ಧೈರ್ಯ ಹೋಗುತ್ತೆ” ಎಂದಳು.

ಪೇಪರ್ ಆಗಲೂ ನನ್ನ ಕೈಯಲ್ಲಿತ್ತು, ಮಾನ್ಯರೇ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅದರ ಮೇಲೆ ಕೂತೆ.

ಹುಡುಗ ಕನ್ನಡಿಯಲ್ಲಿ ತನ್ನನ್ನೇ ನೋಡುತ್ತಾ ನಿಂತಿದ್ದ. ಹಣೆಯನ್ನು ಕದಕ್ಕೆ ತಾಗಿಸಿ, “ನನಗೂ ಬೇಡ ಕಣ್ರೀ,” ಎಂದ. “ಅಮ್ಮಂಗೆ ಹೇಳೋಕೆ ನಮ್ಮನೇಲಿ ಇಂಥ ಬೀರು ಇಲ್ಲ.”

ಹಾಲಮ್ಮನವರು ತಟ್ಟೆ ಕೆಳಗಿಟ್ಟರು. ಬೈಯುತ್ತಾರೆಂದು ನಾವೆಲ್ಲ ಕಾದೆವು. ಅವರು ಮಗನ ಬೆನ್ನನ್ನೇ ನೋಡುತ್ತಾ, “ನಾನೇನು ಹುಲಿನೇನೋ?” ಎಂದರು. ಅವರ ದನಿ ಸಣ್ಣಗಿತ್ತು. ಮಗ ತಿರುಗಲಿಲ್ಲ, ಕನ್ನಡಿಯಲ್ಲೇ ಅವರನ್ನು ನೋಡಿ, ಹೌದೆಂದೂ ಅಲ್ಲವೆಂದೂ ಅರ್ಥವಾಗುವಂತೆ ತಲೆಯಾಡಿಸಿದ. ಅಷ್ಟರಲ್ಲಿ ಅತ್ತೆಯವರು ಬೆವರುತ್ತಾ ಬಂದು ಬೀಗ ತೆಗೆದರು. ಟವೆಲ್ ತಲೆಯ ಮೇಲೆ ಹೊದ್ದುಕೊಂಡು ಹೊರಬಂದ ನನ್ನ ಮಗಳು ಮೊದಲು ನನ್ನ ಮುಖ ನೋಡಿದಳು.

“ಯಾವತ್ತು ಹೋಗ್ಬೇಕು?” ಎಂದೆ.

“ಒಂದನೇ ತಾರೀಕು” ಎಂದಳು. ಹಾಲಮ್ಮನವರು ಎರಡನೇ ಸಲ ಕೇಸರಿಬಾತು ಹಾಕಿಸಿಕೊಂಡರು.

ಅವಳು ಹೋಗಿದ್ದಾಳೆ. ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬೇಕಿರಲಿಲ್ಲ. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಎದುರೆದುರು ಮಾತು ನಿಂತುಹೋಗಿದೆ. ರಶ್ಮಿ ಏನಾದರೂ ಹೇಳಬೇಕಿದ್ದರೆ ಬೀರುವಿನೊಳಗೆ ಹೋಗಿ ಕದ ಎಳೆದುಕೊಳ್ಳುತ್ತಾಳೆ. ನನ್ನ ಗೊರಕೆ, ನನ್ನ ಅಕ್ಕ, ನಮ್ಮ ಮದುವೆಯ ವರ್ಷ ನಾನು ತಂದ ಹಸಿರು ಸೀರೆ, ಎಲ್ಲವೂ ಒಂದೊಂದಾಗಿ ಹೊರಬರುತ್ತಿವೆ. ಮಾವನವರು ಹಬ್ಬಕ್ಕೆ ಬಂದವರು ಒಳಗೆ ಹೋಗಿ, ಅತ್ತೆಯ ಸಾರು ತಮಗೆ ಎಂದೂ ರುಚಿಸಿಲ್ಲವೆಂದು ಸಾರಿದರು. ಅತ್ತೆ ಅವರನ್ನು ಒಳಗೇ ಬಿಟ್ಟು ಬೀಗ ಹಾಕಿಕೊಂಡು ಭದ್ರಾವತಿಗೆ ಹೊರಟುಹೋದರು, ಬಂದು ತೆಗೆದದ್ದು ಮರುದಿನ. ಯಜಮಾನರಾದ ಲಕ್ಷ್ಮೀಕಾಂತರು ಮೊನ್ನೆ ಮುಜುಗರದಿಂದ ಬಂದು, “ಹತ್ತು ನಿಮಿಷ ಸಿಗುತ್ತಾ?” ಎಂದು ಕೇಳಿದರು. ಅವರ ಶ್ರೀಮತಿಯವರನ್ನು ಹಾಲಿನಲ್ಲಿ ಕೂರಿಸಲಾಯಿತು. ಈಗ ಬೀದಿಯವರೆಲ್ಲ ಸರದಿಯಲ್ಲಿ ಬರುತ್ತಿದ್ದಾರೆ. ಒಳಗೆ ಹೋದವರು ಹಗುರಾಗಿ ಬರುತ್ತಾರೆ, ಬರುವಾಗ ಮರೆತು ನನ್ನ ಅಂಗಿಗಳನ್ನು ಹಾಕಿಕೊಂಡು ಹೋಗುತ್ತಾರೆ. ನನ್ನ ಬಟ್ಟೆಗಳ ಸಮಸ್ಯೆ ಹೀಗೆ ಶಾಶ್ವತವಾಗಿ ಬಗೆಹರಿದಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಯೇನೆಂದರೆ, ದಯಮಾಡಿ ಬಂದು ಬೀರುವನ್ನು ಒಳಗಾದರೂ ತಳ್ಳಿ, ಇಲ್ಲವೇ ಮನೆಯನ್ನೇ ಅದರ ಸುತ್ತ ಎರಡು ಬೆರಳು ಸರಿಸಿ. ಅದೂ ಆಗದಿದ್ದರೆ ನಮ್ಮ ಮನೆಯಿಂದ ಸತ್ಯವನ್ನು ಕೊಡುವ ಗುಡ್ಡೆಗೆ ಹಾಕಿ ಕೊಂಡೊಯ್ಯಿರಿ. ತಾವೇ ಒಮ್ಮೆ ಒಳಗೆ ನಿಂತು ಕದ ಮುಚ್ಚಿಕೊಂಡು, ಆ ಅಳತೆಯ ಬಗ್ಗೆ ಎರಡು ಮಾತಾಡುವುದಾದರೆ, ಹಾಲಿನಲ್ಲಿ ನಾನು ಕಾಯುತ್ತೇನೆ. ಪೇಪರ್ ಓದುವುದಿಲ್ಲ.

ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿಯಲು ಹೆಣಗುತ್ತಿರುವ,
ರೇಣುಕಾಪ್ರಸಾದ್

ಮರೆತ ಮಾತು: ಅಮೂಲ್ಯಳಿಗೆಂದು ತಾವು ನಿನ್ನೆ ಕಳಿಸಿದ ತಮ್ಮ ಹಿರಿಯ ಮಗನ ಜಾತಕ ತಲುಪಿತು, ಸಂತೋಷ. ಅದರಲ್ಲಿ ವರನ ಎತ್ತರ ಆರಡಿ ಎಂದಿದೆ. ಅಳೆದವರು ಯಾರೆಂದು ತಿಳಿಸಿದರೆ ಉಪಕಾರವಾಗುತ್ತದೆ.