ತಾತನ ಫೋಟೋ ಹೊಡೆದ ಲೈಬ್ರರಿ

ಕುಮಾರಸ್ವಾಮಿ ಲೇಔಟಿನಲ್ಲಿ ನನಗೆ ಹೇಳದೆ ಒಂದು ನಾಯಿಯೂ ಬೊಗಳುವುದಿಲ್ಲ. ಇದರಲ್ಲಿ ಅರ್ಧ ಸುಳ್ಳು. ನಾಯಿ ಬೊಗಳಿಬಿಡುತ್ತದೆ, ನಾನು ಆಮೇಲೆ ಹೋಗಿ ಯಾಕೆ ಅಂತ ಕೇಳಿಕೊಂಡು ಬರುತ್ತೇನೆ. ಲೈಬ್ರರಿ ಸಂಗಮೇಶನ ಕತೆಯೂ ಮುಕ್ಕಾಲು ಹಾಗೆ ಕೇಳಿಕೊಂಡು ಬಂದದ್ದೇ, ಕೊನೆಗೆ ಮಾತ್ರ ನಾನೇ ಅಲ್ಲಿದ್ದೆ.

ಸಂಗಮೇಶ ಬಿಜಾಪುರದ ಕಡೆಯವನು. ನೀರಿನ ಟ್ಯಾಂಕಿನ ಹಿಂದೆ, ಶಟರ್ ಎಳೆಯುವ ಒಂದೇ ಕೋಣೆಯ ಲೈಬ್ರರಿಯನ್ನು ಒಬ್ಬನೇ ನೋಡಿಕೊಳ್ಳುತ್ತಾನೆ. ಅಲ್ಲಿ ಒಂದೇ ಪೇಪರನ್ನು ಹಾಳೆ ಹಾಳೆ ಬಿಡಿಸಿಕೊಂಡು ಎಂಟು ಜನ ಓದುತ್ತಾರೆ. ಕೊಲೆ ಸುದ್ದಿ ಅರ್ಧಕ್ಕೆ ನಿಂತರೆ, ಕೊಂದವನು ಯಾರೆಂದು ಪಕ್ಕದವನನ್ನೇ ಕೇಳಬೇಕು.

ಅವತ್ತು ಬೆಳಿಗ್ಗೆ ಲೈಬ್ರರಿ ಇಲಾಖೆಯ ಆಫೀಸಿನಿಂದ ಫೋನ್ ಬಂತು. ಇತಿಹಾಸವಿಲ್ಲದ ಚಿಕ್ಕ ಲೈಬ್ರರಿಗಳನ್ನು ಮುಚ್ಚಿ ಪುಸ್ತಕಗಳನ್ನು ಜಯನಗರದ ದೊಡ್ಡ ಲೈಬ್ರರಿಗೆ ಸಾಗಿಸುತ್ತಾರಂತೆ. ಸಂಜೆ ಆಫೀಸರ್ ಮೇಡಂ ನೋಡಲು ಬರುತ್ತಾರಂತೆ. ಸಂಗಮೇಶನ ಮುಖ ನೀರಿಗೆ ಬಿದ್ದ ಹಪ್ಪಳವಾಯಿತು. ಲೈಬ್ರರಿ ಹುಟ್ಟಿ ಇಪ್ಪತ್ತು ವರ್ಷವೂ ಆಗಿರಲಿಲ್ಲ.

ಬೋರಣ್ಣ ಪೇಪರ್ ಮಡಿಸಿ ಎದ್ದ. ಒಂದು ಕಾಲಕ್ಕೆ ಇಲ್ಲೆಲ್ಲ ರಾಗಿ ಬೆಳೆದವನು, ಈಗ ಮೂರು ಬಿಲ್ಡಿಂಗಿನ ಓನರ್. ಪೇಪರ್ ಮಾತ್ರ ಈಗಲೂ ಬಿಟ್ಟಿಯದೇ ಬೇಕು.

"ಅದ್ಯಾವನ್ಲಾ ಮುಚ್ಚೋನು? ಇತಿಹಾಸ ತಾನೇ ಬೇಕು? ಇದನ್ನ ಕಟ್ಸಿದ್ದೇ ನಮ್ಮ ತಾತ ಅನ್ನು!"

"ಯಜಮಾನ್ರ, ಸುಳ್ಳು ಹೇಳಿದ್ರ ನನ್ನ ನೌಕರಿ ಹೋಗ್ತೈತ್ರಿ."

"ನಿಜ ಹೇಳಿದ್ರೆ ಉಳೀತದಾ?" ಎಂದಳು ಬಾಗಿಲಲ್ಲಿ ಹೂ ಮಾರುವ ಕೆಂಪಕ್ಕ.

ಆಮೇಲೆ ಸಂಗಮೇಶನ ಮಾತು ಕೇಳುವವರೇ ಇಲ್ಲ. ಬೋರಣ್ಣ ಮನೆಯಿಂದ ರುಮಾಲಿನ ತಾತನ ಫೋಟೋ ತಂದು ಗೋಡೆಗೆ ಹೊಡೆದ. ಕೆಂಪಕ್ಕ ಮಾರು ಮಲ್ಲಿಗೆ ಏರಿಸಿದಳು.

"ಐವತ್ತು ವರ್ಷ ಅನ್ನೋಣ," ಎಂದರು ಯಾರೋ.

"ಐವತ್ತಾ? ನನ್ ಮದ್ವೆ ಆಗಿದ್ದೇ ಇದರ ಜಗಲಿ ಮೇಲೆ. ಎಪ್ಪತ್ತು ಅನ್ನಿ!" ಎಂದಳು ಕೆಂಪಕ್ಕ. ಅವಳಿಗೇ ಇನ್ನೂ ಐವತ್ತು ದಾಟಿಲ್ಲ.

ಊಟದ ಹೊತ್ತಿಗೆ ಲೈಬ್ರರಿಗೆ ನೂರು ತುಂಬಿತು. ಗೋಡೆ ಹೊಸದಾಗಿ ಕಾಣುತ್ತದೆಂದು ಟೀ ಡಿಕಾಕ್ಷನ್ ಬಳಿದರು. ಸಂಗಮೇಶ ಒರೆಸುತ್ತ ಹೋದ, ಅವರು ಬಳಿಯುತ್ತ ಬಂದರು. ಬೋರಣ್ಣ ಉಳಿ ಹಿಡಿದು ಗಾರೆ ಕೆತ್ತಿದ.

"ಅಯ್ಯೋ, ಏನ್ರೀ ಇದು!"

"ಸುಮ್ಕಿರಪ್ಪ. ಹಳೇದು ಅಂದ್ಮೇಲೆ ಒಂದ್ ಬಿರುಕಾದ್ರೂ ಬೇಡ್ವಾ?"

ಸಂಜೆ ಆಫೀಸರ್ ಇಂಚರ ಮೇಡಂ ಬಂದರು. ಚಪ್ಪಲಿ ಬಿಟ್ಟು ತಾತನಿಗೆ ಕೈಮುಗಿದರು.

"ನಿಜವಾಗ್ಲೂ ನೂರು ವರ್ಷಾನಾ?"

"ಮೇಲೆ ಮೂರು," ಎಂದ ಬೋರಣ್ಣ. "ಮುಚ್ಚಿ ನೋಡಿ ಮೇಡಂ, ಇಡೀ ಏರಿಯಾ ನಿಮ್ ಜೀಪಿಗೆ ಅಡ್ಡ ಮಲಗ್ತದೆ!"

ಮೇಡಂ ಕಣ್ಣೊರೆಸಿಕೊಂಡರು. "ಇದನ್ನ ಜಯನಗರಕ್ಕೆ ಸೇರಿಸೋ ಮಾತೇ ಇಲ್ಲ."

ಜನ ಶಿಳ್ಳೆ ಹೊಡೆದರು. ಶಿಳ್ಳೆ ನಿಲ್ಲುವಷ್ಟರಲ್ಲಿ ಮೇಡಂ ಬಿರುಕಿನೊಳಗೆ ಬೆರಳಿಟ್ಟಿದ್ದರು.

"ಆದ್ರೆ ಇಷ್ಟು ಹಳೇ ಬಿಲ್ಡಿಂಗಲ್ಲಿ ಜನ ಕೂರೋ ಹಾಗಿಲ್ಲ. ಗಟ್ಟಿ ಇದೆ ಅಂತ ಇಂಜಿನಿಯರ್ ಹೇಳೋವರೆಗೂ ಬೀಗ."

"ಅವ್ರು ಯಾವಾಗ ಬರ್ತಾರ್ರಿ?" ಎಂದ ಸಂಗಮೇಶ.

"ಆ ಪೋಸ್ಟ್ ಖಾಲಿ ಇದೆ."

ಸಂಗಮೇಶ ತಡೆಯಲಾರದೆ ಕೂಗಿದ. "ಎಲ್ಲಾ ಸುಳ್ಳೈತ್ರಿ ಮೇಡಂ! ಇದಕ್ಕ ಇಪ್ಪತ್ತೂ ಆಗಿಲ್ರಿ!"

ಮೇಡಂ ಫೋಟೋ ತೋರಿಸಿದರು. "ಹಾಗಾದ್ರೆ ಇವರು?"

ಬೋರಣ್ಣ ಆಗ ಸುಳ್ಳೆಂದು ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೀದಿಯೆಲ್ಲ ನೋಡುತ್ತಿತ್ತಲ್ಲ, ಮೀಸೆ ಅಡ್ಡ ಬಂತು.

"ಏನ್ಲಾ, ನಮ್ ತಾತನ್ನೇ ಸುಳ್ಳು ಅಂತೀಯಾ?"

"ನನ್ ಮದ್ವೇನೂ ಸುಳ್ಳಾ?" ಎಂದು ಕೆಂಪಕ್ಕ ಸೆರಗು ಸಿಕ್ಕಿಸಿದಳು.

ಮೇಡಂ ಸಂಗಮೇಶನ ಮುಂದೆ ಕೈ ಚಾಚಿದರು. "ಕೀ ಕೊಡಿ."

"ಕೀ ತಗೋರಿ," ಎಂದು ಅವನು ಮೇಜಿನ ಮೇಲೆ ಬಡಿದ. "ಇದು ಓದೋ ಜಾಗಾರಿ. ಮುಚ್ಚಿದ್ರೂ ಓದೋದ ನಿಲ್ಲಂಗಿಲ್ಲ!"

ಅವನಿಗೆ ಅಷ್ಟು ದೊಡ್ಡ ಗಂಟಲಿದೆಯೆಂದು ಯಾರಿಗೆ ಗೊತ್ತಿತ್ತು? ಎಲ್ಲರಿಗೂ ಹುರುಪು ಬಂತು. ಕುರ್ಚಿ, ಬೆಂಚು ಹೊತ್ತು ಬೀದಿಗೆ ಹಾಕಿದರು. "ಇಲ್ಲೇ ಕೂತು ಓದ್ತೀವಿ, ಅದೇನ್ ಮಾಡ್ತೀರೋ ಮಾಡಿ!" ಎಂದು ಕೂಗಾಡಿದರು. ಆ ಗದ್ದಲದಲ್ಲೇ ಮೇಡಂ ಜೀಪಿನ ಡ್ರೈವರ್ ಶಟರ್ ಎಳೆದ, ಬೀಗ ಜಡಿದ, ಸೀಲ್ ಒತ್ತಿದ. "ಸೀಲ್ ಮುಟ್ಟಿದ್ರೆ ಕೇಸು," ಎಂದು ಹೇಳಿ ಮೇಡಂ ಜೀಪು ಹತ್ತಿ ಹೋದರು.

ಧೂಳು ಅಡಗಿದ ಮೇಲೆ ಬೋರಣ್ಣ ಸುತ್ತ ನೋಡಿದ. "ಸಂಗಮೇಶ ಎಲ್ಲವ್ನೆ?"

ಶಟರಿನ ಒಳಗಿನಿಂದ ಢಣ್ ಎಂದು ಏಟು ಬಿತ್ತು. "ಹೊರಗ ಗದ್ಲ ಮಾಡಬ್ಯಾಡ್ರಿ! ನಾ ಓದಾಕತ್ತೀನಿ!"

ಸೀಲ್ ಒಡೆದರೆ ಕೇಸು, ಒಡೆಯದಿದ್ದರೆ ಹುಡುಗ ಉಪವಾಸ. ಬೋರಣ್ಣ ಕೆಂಪಕ್ಕನ ಮುಖ ನೋಡಿದ, ಕೆಂಪಕ್ಕ ನನ್ನ ಮುಖ ನೋಡಿದಳು. ನಾನು ಏನು ಮಾಡಿದೆ? ನೀವೇ ಹೇಳಿ ನೋಡೋಣ.